ನಿಮ್ಮದು ಯಾವ ಓಕೆ ರೀ?

ಮೊನ್ನೆ ಯಾರರೆ ನಿಮಗ ‘ಐತವಾರ ನಮ್ಮನಿಗಿ ಊಟಕ್ಕ ಬರ್ರಿ’ ಅಂದ್ರೋ ಇಲ್ಲೋ? ನೀವು ಏನಂದ್ರಿ? ‘ಓಕೆ’ ಅಂದ್ರಿ. (ನಗಬ್ಯಾಡ್ರಿ, ಅಂದೀರಿ.) ಹೋಗ್ತೀರೇನು? ಅದು ನಿಮಗೂ ಗೊತ್ತಿಲ್ಲ, ಕರದವರಿಗೂ ಗೊತ್ತಿಲ್ಲ. ಸೇಡಂ, ಚಿತ್ತಾಪುರ ಕಡಿ ಮಂದಿ ನಾವು, ಎದುರಿಗಿ ‘ಇಲ್ಲ’ ಅನ್ಲಿಕ್ಕ ನಾಲಿಗಿ ಏಳಂಗಿಲ್ಲ. ಮೊದಲ ‘ನೋಡಮ್ರಿ’ ಅಂತಿದ್ವಿ. ಈಗ ಆ ಕಟ್ಟಿ ಮ್ಯಾಲ ಓಕೆ ಬಂದು ಕೂತದ.

ಶಹಾಬಾದದಾಗ ಮನಿ ಕಟ್ಟಿಸೀರೇನು? ಗೌಂಡಿ ಫರಸಿ ಹಾಸಿ, ಕೈ ಒರಸ್ಕೊಂಡು ‘ಲೆವೆಲ್ ಓಕೆ ಅದರಿ’ ಅಂತಾನ. ನೀವೂ ‘ಓಕೆ’ ಅಂದು ರೊಕ್ಕ ಕೊಡ್ತೀರಿ. ಮರುದಿನ ನೆಲ ತೊಳದ್ರ ನೀರು ಮೋರಿ ಬಿಟ್ಟು ದೇವರ ಮನಿ ಕಡಿ ಹೊಂಟದ. (ಮುಂದ ಬಂದವರಿಗೆ ‘ಫರಸಿ ಓಕೆ ಬಿಡ್ರಿ’ ಅಂತ ತೋರಿಸಿದವರು ಯಾರು? ನೀವೇ.) ಚಿಂಚೋಳಿ ಜೀಪಿನವ ‘ಜಾಗ ಓಕೆ ಅದ, ಬರ್ರಿ’ ಅಂದ್ರ ಅರ್ಧ ಮೈ ಒಳಗ, ಅರ್ಧ ಮೈ ಹೊರಗ.

ಹೆಣ್ಣು ನೋಡ್ಲಿಕ್ಕ ಬಂದವರ ಓಕೆ ಅಂತೂ ಬ್ಯಾರೇನೇ. ಸುಸಲಾ, ಮಿರ್ಚಿ, ಎರಡ್ ಸಲ ಛಾ, ಎಲ್ಲಾ ಮುಗಿಸಿ ‘ಓಕೆರಿ, ಫೋನ್ ಮಾಡ್ತೀವಿ’ ಅಂದ್ರೋ, ಆ ಸಂಬಂಧ ಅಲ್ಲಿಗೇ ಮುಗೀತು ಅಂತ ತಿಳೀರಿ. ಅದೇ ಹುಡುಗನ ಅವ್ವ ಅಡಗಿ ಮನಿಗಿ ಹೋಗಿ ‘ಉಪ್ಪಿನಕಾಯಿ ನೀವೇ ಹಾಕೀರೇನು?’ ಅಂತ ಕೇಳಿದ್ರ ಓಕೆ ಆದಂಗ, ಬಾಯಿಲೆ ಅನ್ಲಿಕ್ಕೇ ಬೇಕಾಗಿಲ್ಲ.

ಈ ಓಕೆ ಅನ್ನೋ ಶಬ್ದ ಹುಟ್ಟಿದ್ದೇ ಚೇಷ್ಟಾಕ್ಕ ನೋಡ್ರಿ. 1839ರ ಮಾರ್ಚ್ 23ಕ್ಕ ಅಮೆರಿಕಾದ ಬಾಸ್ಟನ್ ಊರಿನ ಪೇಪರಿನಾಗ ಬಂತು. ‘ಆಲ್ ಕರೆಕ್ಟ್’ ಅನ್ನೋದನ್ನ ಬೇಕಂತಲೇ ‘ಓಲ್ ಕೊರೆಕ್ಟ್’ ಅಂತ ತಪ್ಪು ಮಾಡಿ, ಅದರ ಎರಡು ಮೊದಲಕ್ಷರ ಹಾಕಿದ್ರು. ಮರುವರ್ಷ ಪ್ರೆಸಿಡೆಂಟ್ ವ್ಯಾನ್ ಬ್ಯೂರೆನ್ ಮತ್ತ ಇಲೆಕ್ಷನ್‌ಗಿ ನಿಂತ. ಅಡ್ಡಹೆಸರು ‘ಓಲ್ಡ್ ಕಿಂಡರ್‌ಹುಕ್’, ಅದೂ ಓಕೆ! ಸಾಹೇಬ ಸೋತ, ಶಬ್ದ ಗೆದ್ದಿತು. ತಪ್ಪು ಬರದು ‘ಎಲ್ಲಾ ಸರಿ’ ಅಂದ ಶಬ್ದರಿ ಇದು. ನಮ್ಮ ಗೌಂಡಿಗಿ ಯಾಕ ಬೈಬೇಕು?

ಇನ್ನ ನಮ್ಮ ಕಡಿ ವಾಡಿಗಿ ಸಿಕಂದ್ರಾಬಾದ್ ರೈಲು ಲೈನ್ 1874ರಾಗ ಬಂತು. ಓಕೆ ಯಾವ ಗಾಡಿಗಿ ಬಂದು ಇಳೀತೋ, ಟಿಕೆಟ್ ಕೇಳಿದವರಿಲ್ಲ. ಈಗ ಅದೇ ಪ್ಲಾಟ್‌ಫಾರ್ಮಿನಾಗ ಕಿವೀಗಿ ಫೋನ್ ಹಚ್ಕೊಂಡು ‘ಹಾಂ ಓಕೆ... ಓಕೆ ಓಕೆ... ಓಕೇರಿ’ ಅಂತೀರಲ್ಲ, ಅದರರ್ಥ ‘ಇಡ್ರಿ ಮಾರಾಯ್ರ ಫೋನ್, ಗಾಡಿ ಬಂತು’. (ಗಾಡಿ ಬಂದಿರಂಗಿಲ್ಲ, ಅದು ಬ್ಯಾರೆ ಮಾತು.)

ಭಾಷಾ ಬೆರಸೋ ಮಾತು ಬಂತಂದ್ರ, ಮಳಖೇಡ ನಮ್ಮ ಸೇಡಂ ತಾಲೂಕಿಂದೇ ಊರು. ಅಲ್ಲಿಂದ ಆಳಿದ ನೃಪತುಂಗನ ಆಸ್ಥಾನದ ಶ್ರೀವಿಜಯ 9ನೇ ಶತಮಾನದಾಗ ಕವಿರಾಜಮಾರ್ಗ ಬರದ. ಕನ್ನಡಕ್ಕ ಸಂಸ್ಕೃತ ಹದ ತಪ್ಪಿ ಸಮಾಸ ಮಾಡಿ ಬೆರಸಿದ್ರ ಕುದಿಯೋ ಹಾಲಾಗ ಮಜ್ಜಿಗಿ ಹನಿ ಬಿದ್ದಂಗ ಅಂದ. ಪಾಪ, ‘ಓಕೆರಿ ಯಪ್ಪಾ’ ಅನ್ನೋದು ಕೇಳಿದ್ದಿಲ್ಲ! ಇಂಗ್ಲಿಷು, ಅದರ ಬಾಲಕ್ಕ ನಮ್ಮ ‘ರಿ’, ಹಿಂದ ಒಬ್ಬ ಅಪ್ಪ. ಹಾಲು ಒಡದಿಲ್ಲ ನೋಡ್ರಿ, ಛಾ ಆಗ್ಯದ.

ಇರಲಿ, ಈಗ ನಿಮಗೊಂದು ಮಾತು. ಐತವಾರ ಊಟಕ್ಕ ಕರದವರು ನಾವೇ. ನಿಮ್ಮ ಮೆಸೇಜು ಬಂದದ, ಒಂದೇ ಶಬ್ದ. ಒಳಗಿಂದ ಕೇಳ್ಲಕತ್ತಾರ, ಜ್ವಾಳದ ಹಿಟ್ಟು ಎಷ್ಟು ಮಂದಿಗಿ ನಾದಬೇಕು ಅಂತ.