ಬಾಕಿ ಕಡತದ ರಾಯರು

ನಿವೃತ್ತ ಶಿರಸ್ತೇದಾರ್ ರಾಯರಂಥವರು ಪ್ರತಿ ಬಡಾವಣೆಯಲ್ಲೂ ಒಬ್ಬರಿರುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಜೀವಮಾನವಿಡೀ ‘ನಾಳೆ ಬನ್ನಿ’ ಎಂದು ಪಳಗಿದ ನಾಲಿಗೆಗೆ ಈಗ ಕಿವಿಗೊಡುವವರಿಲ್ಲ, ಮನೆಯ ಕಂಪ್ಯೂಟರ್ ಒಂದನ್ನು ಬಿಟ್ಟು. ಅಪ್‌ಡೇಟ್ ಬಂದಿದೆ, ರೀಸ್ಟಾರ್ಟ್ ಮಾಡಲೇ ಎಂದು ವಿಂಡೋಸ್ 10 ಕೈಕಟ್ಟಿ ನಿಂತಾಗಲೆಲ್ಲ ರಾಯರ ಮುಖಕ್ಕೆ ಹಳೆಯ ಕಳೆ ಬರುತ್ತದೆ.

ಅಪ್‌ಡೇಟ್ ಹೊರಡುವುದು ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಬೆಳಗಿನಲ್ಲಿ. ನಮಗಾಗ ರಾತ್ರಿ. “ಮಂಗಳವಾರ, ಅದೂ ರಾತ್ರಿ! ಒಳ್ಳೆ ಕೆಲಸಕ್ಕೆ ಇಂಥ ಹೊತ್ತು ಇಡ್ತಾರೇನ್ರೀ?” ಎನ್ನುತ್ತ ರಾಯರು 7 ದಿನ ತಡೆಹಿಡಿಯುವ ಗುಂಡಿ ಒತ್ತುತ್ತಾರೆ. ಐದು ಸಲ ಒತ್ತಿದರೆ 35 ದಿನ. ಅಲ್ಲಿಗೆ ಗುಂಡಿ ಮಂಕಾಗುತ್ತದೆ. ಬಾಕಿ ವಿಲೇವಾರಿ ಮಾಡದೆ ಮತ್ತೆ ತಡೆಯುವಂತಿಲ್ಲ. ಭೂಪರಿವರ್ತನೆ ಕಡತವನ್ನು ಎರಡು ಸರ್ಕಾರಗಳು ಬಿದ್ದರೂ ಮೇಜಿನಿಂದ ಏಳಗೊಡದವರಿಗೆ 35 ದಿನ ಯಾವ ಲೆಕ್ಕ?

ಹಳೆಯ ವಿದ್ಯೆಗಳೆಲ್ಲ ಹೊರಬಂದವು. ‘ಆ್ಯಕ್ಟಿವ್ ಅವರ್ಸ್’ ಎಂದು ತಿಳಿಸಿದ ವೇಳೆಯಲ್ಲಿ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಮಿತಿ 18 ಗಂಟೆ. ಹನ್ನೊಂದಕ್ಕೆ ಕಚೇರಿಗೆ ಬಂದು ನಾಲ್ಕಕ್ಕೆ ಏಳುತ್ತಿದ್ದ ರಾಯರು, ಬೆಳಗಿನ 5ರಿಂದ ರಾತ್ರಿ 11ರವರೆಗೆ ಕರ್ತವ್ಯದಲ್ಲಿರುವುದಾಗಿ ನಮೂದಿಸಿದರು. ಲೆಕ್ಕವಿಲ್ಲದಷ್ಟು ಡೇಟಾ ಇರುವ ವೈಫೈಯನ್ನು, ಅಪ್‌ಡೇಟ್ ಸುಲಭಕ್ಕೆ ಇಳಿಯದಿರಲೆಂದು, ‘ಮೀಟರ್ಡ್’ ಅಂದರೆ ಅಳತೆಯ ಡೇಟಾದ್ದು ಎಂದು ಗುರುತು ಹಾಕಿದರು. ಮೂರಂತಸ್ತಿನ ಮನೆಯವರಿಗೆ ಬಿಪಿಎಲ್ ಕಾರ್ಡ್ ಕೊಡಿಸಿದ ಅನುಭವ ಕೈಹಿಡಿಯಿತು. ಕೊನೆಗೆ ಅಪ್‌ಡೇಟ್ ಸರ್ವಿಸನ್ನೇ ಅಮಾನತಿನಲ್ಲಿಟ್ಟರು. ‘ವಿಂಡೋಸ್ ಅಪ್‌ಡೇಟ್ ಮೆಡಿಕ್ ಸರ್ವಿಸ್’ ಎಂಬ ಇನ್ನೊಂದು ಬಂದು ಅದನ್ನು ಎಬ್ಬಿಸಿ ಕೂರಿಸಿತು. “ಕೆಎಟಿಯಿಂದ ಆದೇಶ ತಂದುಬಿಟ್ಟಿದೆ ಕಣೇ!” ಎಂದು ರಾಯರು ಹೆಂಡತಿಯ ಮುಂದೆ ಹೌಹಾರಿದರು.

ಇಂಜಿನಿಯರ್ ಮೊಮ್ಮಗಳು ಬುದ್ಧಿ ಹೇಳಿದ್ದುಂಟು. “ತಾತ, 2017ರ ಮಾರ್ಚ್‌ನಲ್ಲೇ ಮೈಕ್ರೋಸಾಫ್ಟ್ ರಿಪೇರಿ ಕಳಿಸಿತ್ತು. ಹಾಕಿಕೊಳ್ಳದೆ ಕೂತವರ ಕಂಪ್ಯೂಟರುಗಳಿಗೆ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ನುಗ್ಗಿತು. ಬ್ರಿಟನ್ನಿನ ಆಸ್ಪತ್ರೆಗಳೇ ತತ್ತರಿಸಿದವು.”

ರಾಯರಿಗೆ ನಿಜಕ್ಕೂ ಅಚ್ಚರಿ. “ಮಾರ್ಚ್‌ನಲ್ಲಿ ಬಂದದ್ದು ಮೇನಲ್ಲಿ ಬಾಕಿ ಇತ್ತು ಅಂದ್ರೆ, ಅದು ತಡಾನೇನಮ್ಮಾ?”

ಅಷ್ಟರಲ್ಲಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಗೇ ನಿವೃತ್ತಿಯಾಯಿತು. ರಾಯರ ಹಳೆಯ ಪೆಟ್ಟಿಗೆಯಲ್ಲಿ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ್ದರಿಂದ 11ಕ್ಕೆ ಬಡ್ತಿಯೂ ಇಲ್ಲ. ಇನ್ನು ಅಪ್‌ಡೇಟಿನ ಕಾಟವೇ ಇಲ್ಲವೆಂದು ಮನೆಯವರು ಸಿಹಿ ಹಂಚುವುದೊಂದು ಬಾಕಿ. ರಾಯರು ಮಾತ್ರ ಊಟ ಬಿಟ್ಟು ಕೂತರು. ಅರ್ಜಿದಾರನೇ ಬಾರದ ಮೇಲೆ ‘ನಾಳೆ ಬಾ’ ಎನ್ನುವುದು ಯಾರಿಗೆ?

ಭದ್ರತಾ ಅಪ್‌ಡೇಟ್‌ಗಳಿಗೆ ಇನ್ನೊಂದು ವರ್ಷದ ವಿಸ್ತರಣೆ ಸಿಗುತ್ತದೆಂದು ಮೊಮ್ಮಗಳು ಹೇಳಿದ್ದೇ ತಡ, ಸೇವಾವಧಿಯಲ್ಲಿ ಎಂದೂ ತೋರದ ಚುರುಕಿನಿಂದ ಅಂದೇ ಹೆಸರು ನೋಂದಾಯಿಸಿದರು. ಮುಂದಿನ ಮಂಗಳವಾರದ ಅಪ್‌ಡೇಟ್ ತಪ್ಪದೆ ಬಂತು. ರಾಯರು ಕನ್ನಡಕ ಒರೆಸಿಕೊಂಡು, ತೃಪ್ತಿಯಿಂದ, 7 ದಿನ ತಡೆಹಿಡಿದರು.