ಆಯ್ಕೆ ನಮ್ಮದಂತೆ, ಕಂಬ ಯಾರದು?

ಇವರಿಗೆ,
ಮಾರಾಟ ವಿಭಾಗದ ಮುಖ್ಯಸ್ಥರು,
ಇಂಟರ್‌ನೆಟ್ಟು, ಟಿವಿ, ಫೋನು ಮೂರನ್ನೂ ಒಂದೇ ಬಿಲ್ಲಿನಲ್ಲಿ ಕೊಡುವ ಸಕಲ ಕಂಪನಿಗಳು.

ವಿಷಯ: ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರದಲ್ಲಿ ಮನೆ ಬದಲಿಸುವವರ ಅರಿಕೆ.

ಮಾನ್ಯರೇ,

ಮೊದಲಿಗೆ ತಮ್ಮ ಬೇಹುಗಾರಿಕೆಗೆ ಅಭಿನಂದನೆ. ನಮ್ಮ ಕಡೆ ಆಷಾಢ ಕಳೆಯಿತೆಂದರೆ ಗೂಡ್ಸ್ ಆಟೊಗಳಿಗೆ ಪುರುಸೊತ್ತಿಲ್ಲ. ವರ್ಗವಾದ ಮೇಷ್ಟ್ರು, ನರಸಾಪುರದ ಕಾರ್ಖಾನೆಗೆ ಸೇರಿದ ಹುಡುಗರು, ಬಾಡಿಗೆ ಏರಿಸಿದ ಮಾಲೀಕರಿಗೆ ದೊಡ್ಡ ನಮಸ್ಕಾರ ಹಾಕಿದವರು, ಎಲ್ಲರೂ ಶ್ರಾವಣಕ್ಕೆ ಕಾದು ಗಂಟುಮೂಟೆ ಕಟ್ಟುತ್ತಾರೆ. ಹೊಸ ಮನೆಯಲ್ಲಿ ಹಾಲು ಉಕ್ಕುವ ಮೊದಲೇ ತಮ್ಮ ಪಾಂಪ್ಲೆಟ್ ಗೇಟಿನಲ್ಲಿ ಸಿಕ್ಕಿಕೊಂಡಿರುತ್ತದೆ. ಬೀಗರಿಗೂ ತಿಳಿಯದ ವಿಳಾಸ ತಮಗೆ ಹೇಗೋ ತಿಳಿದಿರುತ್ತದೆ. ಅದರಲ್ಲಿ ಒಬ್ಬ ನಟ, ಒಂದು ರಾಕೆಟ್ಟು, ಕೆಳಗೆ ದಪ್ಪಕ್ಷರದಲ್ಲಿ "ಆಯ್ಕೆ ನಿಮ್ಮದು" ಎಂಬ ಒಂದು ಸಾಲು. ನಮ್ಮ ತಕರಾರು ಆ ಸಾಲಿನ ಮೇಲೆ.

ನಮ್ಮ ಊರುಗಳಲ್ಲಿ ಆಯ್ಕೆ ಮಾಡುವುದು ನಾವಲ್ಲ, ಮನೆ ಮುಂದಿನ ಕಂಬ. ಈಚೆಗೆ ಶ್ರೀನಿವಾಸಪುರದಲ್ಲಿ ಮನೆ ಹಿಡಿದಾಗ ತಮ್ಮಲ್ಲೇ ಒಬ್ಬರ ಏಜೆಂಟ್ ಹುಡುಗನನ್ನು ಕರೆಸಿದೆ. ಬೈಕಿನಿಂದ ಇಳಿಯದೆಯೇ ಕತ್ತೆತ್ತಿ ನೋಡಿದ.

"ನಿಮ್ ರೋಡಿಗೆ ಫೀಸಿಬಿಲಿಟಿ ಇಲ್ಲ ಸಾರ್."

"ಎದುರು ಮನೇಲಿ ನಿಮ್ದೇ ಕನೆಕ್ಷನ್ ಐತಲ್ಲಪ್ಪ?"

"ಅದು ಬೇರೆ ಕಂಬ ಸಾರ್. ಬಾಕ್ಸಲ್ಲಿ ಎಂಟು ಪೋರ್ಟು, ಎಂಟೂ ಫುಲ್ಲು."

"ಹಂಗಾದ್ರೆ ಒಂಬತ್ತನೆಯವನು ಏನು ಮಾಡಬೇಕು?"

"ಆ ಎಂಟರಲ್ಲಿ ಯಾರಾದ್ರೂ ಮನೆ ಖಾಲಿ ಮಾಡಬೇಕು ಸಾರ್."

ಹುಡುಗ ಸುಳ್ಳು ಹೇಳಲಿಲ್ಲ. ಒಂದೇ ಗಾಜಿನ ಎಳೆಯಲ್ಲಿ ಬಂದ ಬೆಳಕನ್ನು ತಾವು ಸ್ಪ್ಲಿಟರ್ ಎಂಬ ಡಬ್ಬಿಯಲ್ಲಿ ಎಂಟೋ ಹದಿನಾರೋ ಮೂವತ್ತೆರಡೋ ಮನೆಗೆ ಪಾಲು ಮಾಡುತ್ತೀರಿ. ಪಾಲು ಮುಗಿದ ಮೇಲೆ ಬಂದವನಿಗೆ ಇನ್ನೊಂದು ಡಬ್ಬಿ ಬೇಕು. ಒಬ್ಬ ಗಿರಾಕಿಗಾಗಿ ಡಬ್ಬಿ ಹಾಕಿದರೆ ತಮಗೆ ಗಿಟ್ಟುವುದಿಲ್ಲ. ಹೀಗಾಗಿ ಎದುರು ಮನೆಯವರು ಸಿಕ್ಕಾಗ "ಊಟ ಆಯ್ತಾ" ಎನ್ನುವ ಬದಲು "ಟ್ರಾನ್ಸ್‌ಫರ್ ಯಾವಾಗ" ಎಂದು ವಿಚಾರಿಸುವ ಸ್ಥಿತಿಗೆ ಬಂದಿದ್ದೇವೆ.

ಹಿಂದೆ ಈ ಸೀಮೆಗೆ ತಂತಿ ಎಳೆದವರು ಹೀಗೆ ಲೆಕ್ಕ ಹಾಕಲಿಲ್ಲ ಎನ್ನೋಣವೆಂದರೆ, ಅವರೂ ಹಾಕಿದ್ದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಬೆಂಗಳೂರಿಗೆ ಕರೆಂಟು ಬಂದದ್ದು ಅದಾದ ಮೂರು ವರ್ಷಕ್ಕೆ. ಗಣಿಯಲ್ಲಿ ಚಿನ್ನವಿತ್ತು, ತಂತಿ ಕಾಡುಮೇಡು ದಾಟಿ ಬಂತು. ನಮ್ಮ ಹತ್ತಿರ ತಿಂಗಳಿಗೆ ಐನೂರು ಚಿಲ್ಲರೆ ರೂಪಾಯಿ ಇದೆ, ತಂತಿ ಎದುರು ಕಂಬದಲ್ಲೇ ನಿಂತಿದೆ.

ಇನ್ನು ಸ್ಪೀಡಿನ ವಿಷಯ. ತಮ್ಮ ರಾಕೆಟ್ಟಿನ ಪಕ್ಕ "100 ಎಂಬಿಪಿಎಸ್" ಎಂದಿರುತ್ತದೆ. ಅದು ಬಿಟ್ಟಿನ ಲೆಕ್ಕ, ನಾವು ಫೈಲು ಅಳೆಯುವುದು ಬೈಟಿನಲ್ಲಿ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟು. ಅದಾದರೂ ಪೂರಾ ಬಂದರೆ ಸಾಕೇ ಸಾಕು. ಆದರೆ ರೂಟರಿನ ಐದು ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು, ಗೋಡೆ ದಾಟುವ ತ್ರಾಣ ಕಡಿಮೆ. ಕೋಲಾರದ ಹಳೆ ಬೀದಿಗಳ ಕಲ್ಲುಗೋಡೆ, ಚಪ್ಪಡಿ ಸೂರಿನ ಮನೆಯಲ್ಲಿ ಅದು ಹಜಾರದಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ಸುಸ್ತಾಗುತ್ತದೆ. 2.4 ಗಿಗಾಹರ್ಟ್ಸ್ ಅಲೆ ನಿಧಾನ, ಆದರೂ ಒಳಗೆ ತಲುಪುತ್ತದೆ. ಇದನ್ನು ಹೇಳಿ ರೂಟರನ್ನು ಮನೆಯ ನಡುಮಧ್ಯೆ ಇಟ್ಟುಕೊಡುವ ಬದಲು ತಮ್ಮವರು ಬಾಗಿಲ ಹತ್ತಿರ ಮೊಳೆ ಹೊಡೆದು, ಅಲ್ಲೇ ಮೊಬೈಲ್ ಹಿಡಿದು ಸ್ಪೀಡ್ ಟೆಸ್ಟ್ ತೋರಿಸಿ, ಓಟಿಪಿ ಇಸಿದುಕೊಂಡು ಹೊರಟುಬಿಡುತ್ತಾರೆ. ಕೇಳಲು ಹೋದರೆ 2023ರ ಸರ್ಕಾರಿ ಅಧಿಸೂಚನೆ ತಮ್ಮ ಕಡೆಗೇ ಇದೆ: ಕನಿಷ್ಠ 2 ಎಂಬಿಪಿಎಸ್ ಬಂದರೂ ಅದು ಬ್ರಾಡ್‌ಬ್ಯಾಂಡೇ.

ಟಿವಿಯ ಕಥೆ ಇದಕ್ಕಿಂತ ರುಚಿಯಾದದ್ದು. ಗಡಿ ಜಿಲ್ಲೆಯ ಮನೆಯೆಂದರೆ ಏನೆಂದು ತಮ್ಮ ಚಾನೆಲ್ ಬೊಕೆ ತಯಾರಿಸುವವರು ಒಮ್ಮೆ ಬಂದು ನೋಡಬೇಕು. ನಮ್ಮಮ್ಮನಿಗೆ ತೆಲುಗು ಸೀರಿಯಲ್ಲು. ಮನೆಯವರಿಗೆ ಕನ್ನಡದ್ದು. ಕೆಜಿಎಫ್‌ನಿಂದ ಬಂದ ಸೊಸೆಗೆ ತಮಿಳು. ಮಕ್ಕಳಿಗೆ ಕ್ರಿಕೆಟ್ಟು. ನನಗೆ ಸುದ್ದಿ, ಅದೂ ಉಳಿದವರು ಮಲಗಿದ ಮೇಲೆ. ಒಂದೇ ಸೂರಿನಡಿ ಇಷ್ಟು ಭಾಷೆ ಜಗಳವಿಲ್ಲದೆ ಬಾಳುತ್ತವೆ, ತಮ್ಮ ಪ್ಯಾಕಿನಲ್ಲಿ ಮಾತ್ರ ಹೊಂದಿಕೊಳ್ಳುವುದಿಲ್ಲ. ಕನ್ನಡ ಪ್ಯಾಕಿನಲ್ಲಿ ಅಮ್ಮನ ಚಾನೆಲ್ ಇಲ್ಲ. ತೆಲುಗು ಪ್ಯಾಕ್ ಸೇರಿಸಿದರೆ ಅದರ ಜೊತೆ ಯಾರೂ ನೋಡದ ಒಂದು ದಂಡೇ ಬರುತ್ತದೆ. ಮುಳಬಾಗಿಲಿಗೆ ಬಂದು ದೋಸೆ ಕೇಳಿದವನಿಗೆ ಇಡ್ಲಿ, ವಡೆ, ಕೇಸರಿಬಾತು, ಮಾರನೇ ದಿನದ ತಿಂಡಿ ಎಲ್ಲ ಕಟ್ಟಿಕೊಟ್ಟು, "ಬರೀ ದೋಸೆ ಆದ್ರೆ ರೇಟ್ ಜಾಸ್ತಿ ಆಗ್ತದೆ ಸಾರ್" ಎಂದ ಹಾಗೆ.

ಬೇಕಾದ ಚಾನೆಲ್ ಮಾತ್ರ ಆರಿಸಿ, ಅಷ್ಟಕ್ಕೇ ದುಡ್ಡು ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2019ರಲ್ಲಿ ಹೊಸ ಪದ್ಧತಿ ಜಾರಿ ಮಾಡಿತ್ತು. ಆಗ ಚಾನೆಲ್ ನೋಡುವ ಮೊದಲೇ ಕಟ್ಟಬೇಕಾದ ನೆಟ್‌ವರ್ಕ್ ಶುಲ್ಕ ತೆರಿಗೆ ಬಿಟ್ಟು ಹೆಚ್ಚೆಂದರೆ 130 ರೂಪಾಯಿ, ಅದಕ್ಕೆ ನೂರು ಚಾನೆಲ್. ಮರುವರ್ಷ ಅದೇ ಹಣಕ್ಕೆ ಇನ್ನೂರು ಎಂದರು. 2024ರಲ್ಲಿ ಆ ಮಿತಿಯನ್ನೇ ತೆಗೆದು, ಎಷ್ಟು ವಸೂಲು ಮಾಡಬೇಕೆಂಬುದನ್ನು ತಮ್ಮ ವಿವೇಚನೆಗೆ ಬಿಟ್ಟರು. ತಮ್ಮ ವಿವೇಚನೆಯ ಬಗ್ಗೆ ನಮಗೆ ಅಪಾರ ಗೌರವವಿದೆ. ಪ್ರತಿ ತಿಂಗಳೂ ಅದನ್ನು ಕಟ್ಟುತ್ತಲೇ ಇದ್ದೇವೆ.

ಮನೆ ಬದಲಿಸಿದವನಿಗೆ ಸೆಟ್‌ಟಾಪ್ ಬಾಕ್ಸೂ ಒಂದು ಹೊರೆ. ಮಾಲೂರಿನಲ್ಲಿ ದುಡ್ಡು ಕೊಟ್ಟು ಕೊಂಡ ಬಾಕ್ಸನ್ನು ಮುಳಬಾಗಿಲಿಗೆ ಹೊತ್ತು ತಂದರೆ ಅಲ್ಲಿನ ಕೇಬಲ್ಲಿನವರು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅವರಿಗೆ ಸಿಗ್ನಲ್ ಕೊಡುವ ದೊಡ್ಡ ಧಣಿಯೇ ಬೇರೆ. ಯಾವ ಬಾಕ್ಸಾದರೂ ಯಾವ ಕಂಪನಿಗಾದರೂ ಒಗ್ಗಬೇಕೆಂದು ಟ್ರಾಯ್ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿತು. ಶಿಫಾರಸು ಕಡತದಲ್ಲಿ ಸುಖವಾಗಿದೆ. ಬಾಕ್ಸುಗಳು ನಮ್ಮ ಅಟ್ಟದ ಮೇಲೆ ಸಾಲಾಗಿ ಕೂತಿವೆ, ಪ್ರತಿ ಬಾಡಿಗೆ ಮನೆಗೂ ಒಂದೊಂದರಂತೆ.

ಹಾಗಾದರೆ ಡಿಶ್ ಹಾಕಿಸಿ ಎನ್ನುತ್ತೀರಿ. ಹಾಕಿಸಿದೆವು. ಉಪಗ್ರಹಗಳು ಇರುವುದು ಭೂಮಧ್ಯರೇಖೆಯ ಮೇಲೆ, ಅಂದರೆ ನಮಗೆ ದಕ್ಷಿಣಕ್ಕೆ. ಆ ದಿಕ್ಕಿನ ಆಕಾಶ ತೆರೆದಿರಬೇಕು. ವಾಸ್ತು ಪಂಡಿತರು ದಕ್ಷಿಣದ ಕಡೆ ಎತ್ತರವಾಗಿ ಮುಚ್ಚಿರಬೇಕು, ನೈಋತ್ಯದಲ್ಲಿ ನೀರಿನ ಟ್ಯಾಂಕ್ ಇರಬೇಕು ಎಂದಿದ್ದಾರೆ. ಮಾಲೀಕರು ಪಂಡಿತರ ಪಕ್ಷ. ಹೀಗಾಗಿ ಡಿಶ್ಶು ಟ್ಯಾಂಕಿನ ಸಂದಿಯಿಂದ ಇಣುಕಿ ನೋಡುವ ಭಂಗಿಯಲ್ಲಿದೆ. ಭರಣಿ ಮಳೆ ಬಿದ್ದಾಗ ಹನಿಗಳೇ ಆ ತರಂಗವನ್ನು ನುಂಗಿಬಿಡುತ್ತವೆ. ಶ್ರೀನಿವಾಸಪುರದ ಮಾವಿನ ತೋಟದವನು ಆಲಿಕಲ್ಲು ಎಲ್ಲಿ ಬಿತ್ತು ಎಂದು ಟಿವಿ ಹಾಕುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ "ಸಿಗ್ನಲ್ ಇಲ್ಲ".

ದೂರದರ್ಶನದ ಫ್ರೀ ಡಿಶ್‌ಗೂ ಮಳೆಯ ಕಾಟ ಇದ್ದದ್ದೇ, ಆದರೆ ಅದಕ್ಕೆ ತಿಂಗಳ ಬಾಡಿಗೆಯಿಲ್ಲ. ಡಿಶ್ಶೂ ಬಾಕ್ಸೂ ಕೊಂಡರೆ ಮುಗಿಯಿತು. ಚಂದನ ಬರುತ್ತದೆ, ನಾ. ಸೋಮೇಶ್ವರರ 'ಥಟ್ ಅಂತ ಹೇಳಿ' ಬರುತ್ತದೆ, ಮನೆ ಬದಲಿಸಿದರೆ ಡಿಶ್ ಬಿಚ್ಚಿ ಆಟೊಗೆ ಹಾಕಿಕೊಂಡು ಹೋಗಬಹುದು. ಇಷ್ಟೊಂದು ಆಯ್ಕೆ ಕೊಡುವ ತಮ್ಮ ಪಾಂಪ್ಲೆಟ್ಟಿನಲ್ಲಿ ಈ ಒಂದು ಆಯ್ಕೆ ಅಚ್ಚಾಗುವುದು ಹೇಗೋ ತಪ್ಪಿಹೋಗಿದೆ.

ಫೋನಿಗೆ ಬರೋಣ. ಕೋಲಾರದ ಎಸ್‌ಟಿಡಿ ಕೋಡ್ 08152, ಮಾಲೂರಿನದು 08151, ಶ್ರೀನಿವಾಸಪುರದ್ದು 08157, ಮುಳಬಾಗಿಲಿನದು 08159. ಒಂದೇ ಜಿಲ್ಲೆ, ನಾಲ್ಕು ಊರು, ನಾಲ್ಕು ಕೋಡು. ಮೊಬೈಲ್ ನಂಬರನ್ನು 2011ರ ಜನವರಿಯಿಂದ ಯಾವ ಕಂಪನಿಗಾದರೂ ಹೊತ್ತೊಯ್ಯಬಹುದು. 1900ಕ್ಕೆ ಒಂದು ಮೆಸೇಜ್ ಹಾಕಿದರೆ ಸಾಕು, ತಾವೇ ಹತ್ತು ಸಲ ಫೋನ್ ಮಾಡಿ "ಯಾಕ್ ಸಾರ್ ಬಿಟ್ಟೋಗ್ತೀರ" ಎಂದು ಕಣ್ಣೀರು ಹಾಕುತ್ತೀರಿ. ಲ್ಯಾಂಡ್‌ಲೈನ್ ನಂಬರ್ ಮಾತ್ರ ಕೋಲಾರ ಬಿಟ್ಟು ಮಾಲೂರಿಗೆ ಬರುವುದಿಲ್ಲ. ಆ ಹಳೆಯ ಫೋನಿನಲ್ಲಿ ಒಂದು ಗುಣವಿತ್ತು. ತಾಮ್ರದ ತಂತಿಯಲ್ಲೇ ಎಕ್ಸ್‌ಚೇಂಜಿನಿಂದ 48 ವೋಲ್ಟ್ ಬರುತ್ತಿತ್ತು, ಊರೆಲ್ಲ ಕತ್ತಲಾದರೂ ಫೋನು ಹೊಡೆದುಕೊಳ್ಳುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು, ಕರೆಂಟಲ್ಲ. ಮನೆಯ ಕರೆಂಟು ಹೋದರೆ ತಮ್ಮ ಡಬ್ಬಿ ಮಲಗುತ್ತದೆ, ಅದರ ಜೊತೆ "ಉಚಿತ ಲ್ಯಾಂಡ್‌ಲೈನ್" ಕೂಡ. ಕರೆಂಟು ಯಾವಾಗ ಬರುತ್ತದೆ ಎಂದು ಬೆಸ್ಕಾಂಗೆ ಕೇಳಬೇಕಾದ ಗಳಿಗೆಯಲ್ಲೇ ಅದು ಹೀಗೆ ಮಾಡುತ್ತದೆ. ರೂಟರಿಗೊಂದು ಪುಟ್ಟ ಯುಪಿಎಸ್ ಬೇಕೆಂದು ಹೇಳಲು ತಮ್ಮ ರಾಕೆಟ್ಟಿನ ಪಕ್ಕ ಜಾಗವಿರಲಿಲ್ಲವೇನೋ.

ಮೊಬೈಲಿನ ಮಹಿಮೆ ಬೇರೆ. ನಂಗಲಿಯಾಚೆ ಆಂಧ್ರ, ಮಾಲೂರಿನ ಆಚೆ ತಮಿಳುನಾಡು. ಗಡಿಯ ಹಳ್ಳಿಗಳಲ್ಲಿ ಹಿತ್ತಿಲಿಗೆ ಹೋದವನ ಫೋನಿಗೆ ಪಕ್ಕದ ರಾಜ್ಯದ ಸ್ವಾಗತ ಬಂದುಬಿಡುತ್ತದೆ. ಐಫೋನ್ ತಯಾರಾಗುವುದು ನಮ್ಮ ನರಸಾಪುರದಲ್ಲಿ. ಅದನ್ನು ಜೋಡಿಸಿ ಬಂದ ಹುಡುಗಿ ಅಮ್ಮನ ಜೊತೆ ಮಾತಾಡಲು ಪಿ.ಜಿ.ಯ ಟೆರೇಸ್ ಹತ್ತುತ್ತಾಳೆ. ತಮ್ಮ ತಿಂಗಳಿಗೆ ಇಪ್ಪತ್ತೆಂಟೇ ದಿನ, ಹಾಗಾಗಿ ನಮ್ಮ ವರ್ಷಕ್ಕೆ ಹದಿಮೂರು ರೀಚಾರ್ಜು. ಮೂವತ್ತು ದಿನದ್ದು, ಪ್ರತಿ ತಿಂಗಳು ಅದೇ ತಾರೀಕಿಗೆ ಬರುವಂಥದ್ದು ಒಂದೊಂದಾದರೂ ಇಡಿ ಎಂದು 2022ರಲ್ಲಿ ಟ್ರಾಯ್ ಹೇಳಿದೆ. ಬರೀ ಮಾತಿಗೆ, ಮೆಸೇಜಿಗೆ ಮಾತ್ರದ ಪ್ಯಾಕ್ ಕೊಡಿ ಎಂದು 2024ರ ಡಿಸೆಂಬರ್‌ನಲ್ಲೂ ಹೇಳಿದೆ. ಬಟನ್ ಫೋನ್ ಹಿಡಿದ ನಮ್ಮಮ್ಮನಿಗೆ ದಿನಕ್ಕೆ ಎರಡು ಜಿಬಿ ಡೇಟಾ ಮಾರಿದ ತಮ್ಮ ಚಾಣಾಕ್ಷತೆಗೆ ಆ ಆದೇಶದಿಂದ ಕೊಂಚ ನೋವಾಗಿರಬೇಕು. ಆ ಪ್ಯಾಕುಗಳನ್ನು ಆ್ಯಪಿನ ತಳಮನೆಯಲ್ಲಿ ಬಚ್ಚಿಟ್ಟಿದ್ದೀರಿ.

ಈಗ ಮೂಲ ಸಂಗತಿ. ತಾವು ಮಾರುವುದು ವೇಗ, ಚಾನೆಲ್ಲು, ಓಟಿಟಿ. ಹೊಸ ಊರಿಗೆ ಬಂದವನಿಗೆ ಬೇಕಾದದ್ದು ಬೇರೆ: ಡಬ್ಬಿಯಲ್ಲಿ ಕೆಂಪು ದೀಪ ಮಿನುಗತೊಡಗಿದಾಗ ಬರುವವರು ಯಾರು? ನೀರಿನ ಪೈಪಿಗೆಂದು ಅಗೆದ ಜೆಸಿಬಿ ಫೈಬರ್ ಕತ್ತರಿಸುತ್ತದೆ. ಅಂತರಗಂಗೆಯ ಕೋತಿಗಳು ಬೆಟ್ಟದ ತಪ್ಪಲಿನ ಬೀದಿಗಳಲ್ಲಿ ತಮ್ಮ ಕೇಬಲ್ಲನ್ನು ಉಯ್ಯಾಲೆ ಮಾಡಿಕೊಳ್ಳುತ್ತವೆ. ಕಸ್ಟಮರ್ ಕೇರಿನ ಹೆಣ್ಣುಮಗಳು ಎಲ್ಲಿಂದಲೋ ಬಹಳ ಮರ್ಯಾದೆಯಿಂದ "ಒಮ್ಮೆ ಸ್ವಿಚ್ ಆಫ್ ಮಾಡಿ ಆನ್ ಮಾಡಿ ಸರ್" ಎನ್ನುತ್ತಾಳೆ. ಕೋತಿ ಕಡಿದದ್ದು ಸ್ವಿಚ್ ಒತ್ತಿದರೆ ಕೂಡುವುದಿಲ್ಲ ತಾಯಿ.

ಇಡೀ ಜಿಲ್ಲೆಯ ನೆಟ್‌ವರ್ಕ್ 24 ಗಂಟೆಗಿಂತ ಹೆಚ್ಚು ಸತ್ತರೆ ಬಾಡಿಗೆಯಲ್ಲಿ ಕಡಿತ ಕೊಡಬೇಕು, ಇಲ್ಲವೇ ವ್ಯಾಲಿಡಿಟಿ ಮುಂದೂಡಬೇಕು ಎಂದು ಟ್ರಾಯ್ 2024ರಲ್ಲಿ ನಿಯಮ ಮಾಡಿದೆ. ನಿಯಮ ಸೊಗಸಾಗಿದೆ. ಪರಿಹಾರ ಬೇಕಾದರೆ ಕೋಲಾರದಿಂದ ನಂಗಲಿಯವರೆಗೆ ಎಲ್ಲರೂ ಒಟ್ಟಿಗೆ ಮುಳುಗಬೇಕು. ಒಂದು ಬೀದಿ ವಾರಗಟ್ಟಲೆ ಸತ್ತು ಬಿದ್ದರೂ ಜಿಲ್ಲೆ ಬದುಕಿರುತ್ತದೆ. ಬೀದಿಯವನು ದೂರಿನ ಡಾಕೆಟ್ ನಂಬರ್ ಇಟ್ಟುಕೊಂಡು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟೆಲಿಕಾಂ ಗಿರಾಕಿ ಗ್ರಾಹಕರ ಆಯೋಗದ ಬಾಗಿಲೂ ತಟ್ಟಬಹುದೆಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೋಲಾರದಲ್ಲಿ ಜಿಲ್ಲಾ ಆಯೋಗ ಇದೆ. ಈ ಸಂಗತಿಯನ್ನೂ ಪಾಂಪ್ಲೆಟ್ಟಿನ ಹಿಂಬದಿಗೆ ಹಾಕಬಹುದಿತ್ತು, ಅಲ್ಲಿ ಪಿಜ್ಜಾ ಕೂಪನ್ ಇದೆ.

ಹಾಗಾಗಿ, ಮಾನ್ಯರೇ, ಇನ್ನು ಮೇಲೆ ನಾವು ಮನೆ ನೋಡುವ ಕ್ರಮ ಹೀಗಿರುತ್ತದೆ. ಮೊದಲು ನೀರು, ಆಮೇಲೆ ಕಂಬ, ಆಮೇಲೆ ಮನೆ. ಅಡ್ವಾನ್ಸ್ ಕೊಡುವ ಮುನ್ನ ಅಕ್ಕಪಕ್ಕದ ಮೂರು ಮನೆಗೆ ಹೋಗಿ "ಯಾವ ಕಂಪನಿ" ಎಂದು ಕೇಳುವುದಿಲ್ಲ, "ಕೆಟ್ಟರೆ ಎಷ್ಟು ದಿನಕ್ಕೆ ಬರ್ತಾರೆ" ಎಂದು ಕೇಳುತ್ತೇವೆ. ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಎರಡು ತಿಂಗಳು ಫ್ರೀ ಎಂದರೂ ಮೊದಲು ಒಂದೇ ತಿಂಗಳದ್ದು ಕಟ್ಟುತ್ತೇವೆ. ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಳ್ಳುವುದಿಲ್ಲ, ಏಕೆಂದರೆ ಗಂಟು ಬಿಚ್ಚಿದರೆ ಮೂರೂ ಒಟ್ಟಿಗೆ ಹೋಗುತ್ತವೆ. ಬೀದಿಯ ಕೇಬಲ್ಲಿನವನು ಪ್ಲಾನಿನಲ್ಲಿ ನೂರು ರೂಪಾಯಿ ಹೆಚ್ಚು ಹೇಳಿದರೂ, ಸಂಜೆ ಅವನು ಅದೇ ಟೀ ಅಂಗಡಿಯಲ್ಲಿ ಸಿಗುತ್ತಾನೆ ಎಂಬುದಕ್ಕೆ ಆ ನೂರು ಸಲ್ಲುತ್ತದೆ.

ಕೊನೆಯದಾಗಿ ಒಂದೇ ಬೇಡಿಕೆ. ಮುಂದಿನ ಶ್ರಾವಣದ ಪಾಂಪ್ಲೆಟ್ಟಿನಿಂದ ಆ ನಟನನ್ನೂ ರಾಕೆಟ್ಟನ್ನೂ ತೆಗೆದುಬಿಡಿ. ಆ ಜಾಗದಲ್ಲಿ ನಮ್ಮ ಬೀದಿಗೆ ಬರುವ ಲೈನ್‌ಮನ್ನನ ಫೋಟೊ, ಕೆಳಗೆ ಅವನು ಎತ್ತುವ ಮೊಬೈಲ್ ನಂಬರ್ ಹಾಕಿ. ಅದನ್ನು ಕತ್ತರಿಸಿ, ಫ್ರೇಮು ಹಾಕಿಸಿ, ಟಿವಿಯ ಮೇಲೆಯೇ ತೂಗುಹಾಕುತ್ತೇವೆ. ಹಾರ ಮಾತ್ರ ಹಾಕುವುದಿಲ್ಲ. ಆತ ನೂರು ಕಾಲ ಬಾಳಬೇಕು, ಮತ್ತು ಕಂಪನಿ ಬಿಡಬಾರದು.

ಇಂತಿ ತಮ್ಮ ವಿಧೇಯ,
ಬಾಕ್ಸಿನ ಒಂಬತ್ತನೆಯ ಗಿರಾಕಿ