ಕುಂತಲ್ಲೇ ಕುಂತಿದ್ರೂ ಸೆಷನ್ ಮುಗೀತಂತ!

ಬರ್ರಿ ಕಾಕಾ, ಈ ಗ್ವಾಡಿ ಕಡೆ ನೆರಳದ. ನಿನ್ನಿ ನೀವು ಕೇಳಿದ್ದಕ್ಕ ಅರ್ಧಾ ಜವಾಬು ಕೊಟ್ಟು ಒಳಗ ಹೋದೆ, ಉಳಿದದ್ದು ಈಗ ಹೇಳ್ತೀನಿ. ಮೊಮ್ಮಗಳ ಸ್ಕಾಲರ್‌ಶಿಪ್ ಅರ್ಜಿ ತುಂಬಿ ಮುಗಿಸಿ, ಕಡೀ ಬಟನ್ ಒತ್ತೋದ್ರಾಗ 'ಸೆಷನ್ ಎಕ್ಸ್‌ಪೈರ್ಡ್' ಅಂತ ಬಂತು ಅಂದ್ರಿ. 'ನಾ ಎದ್ದೇ ಹೋಗಿಲ್ಲ, ಕುಂತಲ್ಲೇ ಕುಂತೀನಿ, ಟೈಂ ಹ್ಯಾಂಗ ಮುಗೀತೋ ತಮ್ಮಾ?' ಅಂದ್ರಲ್ಲ, ಆ ಪ್ರಶ್ನಿ ಖರೇ ಅದ. ಆ ಜಾಲತಾಣ ಕಟ್ಟಿದವರೇ ಅದನ್ನ ಮೊದಲು ಕೇಳಿಕೋಬೇಕಿತ್ತು.

ವೆಬ್ ಅನ್ನೋದಕ್ಕ ನೆನಪಿಲ್ರಿ. ಬ್ರೌಸರ್ ಪುಟ ಕೇಳ್ತದ, ಸರ್ವರ್ ಕೊಡ್ತದ, ಅಲ್ಲಿಗೆ ಮಾತು ಮುಗೀತು. ಮರುಗಳಿಗಿಗೆ ನೀವೇ ಮತ್ತೊಂದು ಪುಟ ಕೇಳಿದ್ರೂ ಅದಕ್ಕ ನೀವು ಯಾರೋ. ಅದಕ್ಕಂತ 1994ರಾಗ ನೆಟ್‌ಸ್ಕೇಪ್‌ನ ಲೂ ಮಾಂಟುಲಿ 'ಕುಕ್ಕಿ' ತಂದ್ರು: ಸರ್ವರ್ ಸಣ್ಣದೊಂದು ಗುರುತು ಕೊಡ್ತದ, ಬ್ರೌಸರ್ ಪ್ರತಿ ಸಲ ಅದನ್ನ ತೋರಿಸ್ತದ.

ಹತ್ತಿ ಮಿಲ್ಲಿನ ಚೀಟಿ ನಿಮಗ ಗೊತ್ತದಲ್ಲ? ತೂಕ, ದರ ಚೀಟಿ ಮ್ಯಾಲೇ ಬರದ್ರ ದಾರ್ಯಾಗ ಯಾರರೆ ತಿದ್ದಬಹುದು. ಚೀಟಿ ಮ್ಯಾಲ ಬರೇ ನಂಬರ್ ಇಟ್ಟು, ಉಳಿದದ್ದೆಲ್ಲಾ ಒಳಗಿನ ಖಾತೆ ಪುಸ್ತಕದಾಗ ಬರದ್ರ ಆ ಭಯ ಇಲ್ಲ. ಸರ್ವರ್ ಬದಿಯ ಸೆಷನ್ ಇದೇ ಲೆಕ್ಕ: ಕುಕ್ಕಿ ಅಂದ್ರ ಚೀಟಿ, ಸರ್ವರ್ ಅಂದ್ರ ಖಾತೆ ಪುಸ್ತಕ. ಆದ್ರ ನಂಬರ್ ಸಾಲಾಗಿ ಕೊಡಬಾರದು. ನಿಮ್ಮದು 41 ಇದ್ರ ಮುಂದಿನವಂದು 42 ಅಂತ ಊಹಿಸಿ, ಇನ್ನೊಬ್ಬರ ಖಾತಿಗೆ ಕೈ ಹಾಕ್ತಾರ. ಯಾರೂ ಊಹಿಸದಂಥ ಉದ್ದನ ನಂಬರ್ ಬೇಕು. ಪಾಸ್‌ವರ್ಡ್ ಕೊಟ್ಟು ಒಳಗ ಬಂದ ಕೂಡ್ಲೇ ಹಳೇ ನಂಬರ್ ರದ್ದು ಮಾಡಿ ಹೊಸಾದು ಕೊಡಬೇಕು. ಮತ್ತ ಅದು ಗುಪ್ತ ಸಂಪರ್ಕದಾಗೇ ಓಡಾಡಬೇಕು. 2010ರಾಗ ಎರಿಕ್ ಬಟ್ಲರ್ ಅನ್ನೋವ ಫೈರ್‌ಶೀಪ್ ಅಂತ ಒಂದು ಸಲಕರಣೆ ಬಿಟ್ಟ. ಬೀಗ ಇಲ್ಲದ ವೈಫೈದಾಗ ಪಕ್ಕದವರ ಫೇಸ್‌ಬುಕ್ ಸೆಷನ್ ನಂಬರ್ ಹಿಡದು, ಪಾಸ್‌ವರ್ಡ್ ಇಲ್ಲದೇ ಅವರ ಖಾತೆ ತೆಗೀತಿತ್ತು. ದೊಡ್ಡ ದೊಡ್ಡ ಕಂಪನಿಗಳೇ ಅದರ ನಂತರ ಎಚ್ಚತ್ಕೊಂಡ್ವು.

ಇದೆಲ್ಲಾ ಪುಣ್ಯಕ್ಕ ಈಗ ಜಾಲತಾಣ ಕಟ್ಟೋ ಫ್ರೇಮ್‌ವರ್ಕಿನ್ಯಾಗೇ ಸಿಗ್ತದ. ಮೊದಲು ಹಂಗಿದ್ದಿಲ್ಲ. ಜಾಲತಾಣ ಬರೆಯೋ ಪಿಎಚ್‌ಪಿ ಭಾಷಾ 1995ರಾಗ ಬಂತು, ಆದ್ರ ಸೆಷನ್ ಅದರೊಳಗ ಸೇರಿದ್ದು 2000ದ ಮೇ ತಿಂಗಳ ನಾಲ್ಕನೇ ಆವೃತ್ತಿಯಾಗ. ಅಲ್ಲೀತನ ಯಾರಿಗೆ ಬೇಕೋ ಅವರು ತಾವೇ ಹೊಂದಿಸಿಕೋಬೇಕಿತ್ತು, ಇಲ್ಲ ಹೊರಗಿನ ಲೈಬ್ರರಿ ತರಬೇಕಿತ್ತು.

ಈಗ ನಿಮ್ಮ ಟೈಮಿನ ವಿಷಯಕ್ಕ ಬರ್ತೀನಿ. ಪಿಎಚ್‌ಪಿಯಾಗ ಯಾರೂ ಬದಲಿ ಮಾಡದಿದ್ರ 1440 ಸೆಕೆಂಡ್, ಅಂದ್ರ 24 ನಿಮಿಷ ಸುದ್ದಿ ಇಲ್ಲದ ಸೆಷನ್ನು ಅಳಸಲಿಕ್ಕೆ ಲಾಯಕ್ ಆಗ್ತದ. ಜಾಂಗೋ ಅನ್ನೋ ಫ್ರೇಮ್‌ವರ್ಕಿನ್ಯಾಗ ಸೆಷನ್ನಿನ ಆಯುಷ್ಯ ಎರಡು ವಾರ. ಯಾರೋ ಎಲ್ಲೋ ಕುಂತು ಹಾಕಿದ ಅಂಕಿ. ಅದರ ಮ್ಯಾಲ, ನೀವು ಫಾರ್ಮ್ ತುಂಬೂಮುಂದ ಸರ್ವರ್‌ಗೆ ಏನೂ ಕೇಳಸಂಗಿಲ್ರಿ! ಹೆಸರು ಟೈಪ್ ಮಾಡ್ರಿ, ಫೋಟೋ ಸ್ಕ್ಯಾನ್ ಮಾಡ್ರಿ, ಓಟಿಪಿ ಬಂದದೇನು ಅಂತ ಮನಿಗೆ ಫೋನ್ ಹಚ್ಚಿ ಕೇಳ್ರಿ, ನಡುವ ಕರೆಂಟ್ ಹೋಗಲಿ, ಬಟನ್ ಒತ್ತೋತನ ಅದಕ್ಕ ನೀವು ಎದ್ದು ಹೋದಂಗೇ. ಯಾಳಗಿ, ಮಲ್ಲಾದಂಥ ಹಳ್ಳಿಯಿಂದ ಒಂದಿನದ ಕೂಲಿ ಬಿಟ್ಟು ನಮ್ಮ ಕೆಂಭಾವಿಯ ಕಂಪ್ಯೂಟರ್ ಸೆಂಟರಿಗೆ ಬಂದವರ ಅರ್ಜಿ ಹಿಂಗ ಹೋದ್ರ ಆ ಕೂಲಿ ಯಾರು ಕೊಡ್ತಾರ?

'ಹಂಗಾದ್ರ ಟೈಮೇ ಬ್ಯಾಡ, ತೆಗದು ಬಿಡ್ಲಿ' ಅಂತೀರಿ. ಅದೂ ಬ್ಯಾಡ್ರಿ ಕಾಕಾ. ನೀವು ಎದ್ದ ಕುರ್ಚಿ ಮ್ಯಾಲ ಮತ್ತೊಬ್ಬರು ಕೂಡ್ತಾರ. ನಿಮ್ಮ ಆಧಾರ್, ಬ್ಯಾಂಕ್ ಖಾತೆ ಅದೇ ಕಂಪ್ಯೂಟರಿನ್ಯಾಗ ತೆರದಿದ್ರ ಏನು ಗತಿ? ಎದ್ದು ಬರೂಮುಂದ ಲಾಗೌಟ್ ಮಾಡಸ್ರಿ, ಮರೀಬ್ಯಾಡ್ರಿ. ಕಟ್ಟುವವರೂ ಲಾಗೌಟ್ ಅಂದ ಕೂಡ್ಲೇ ಸರ್ವರ್‌ದಾಗಿನ ಸೆಷನ್ನೇ ಅಳಸಬೇಕು, ಬ್ರೌಸರಿನ ಕುಕ್ಕಿ ಒಂದೇ ತೆಗದ್ರ ಸಾಲದು.

ಲಾಗಿನ್ ಬ್ಯಾರೆ, ತುಂಬಿದ ಅರ್ಜಿ ಬ್ಯಾರೆ. ಲಾಗಿನ್ ಮುಗೀಲಿ, ಅರ್ಜಿ ಯಾಕ ಹೋಗಬೇಕು? ತುಂಬಿದಷ್ಟನ್ನ ಆಗಾಗ ಆ ಖಾತೆದಾರನ ಹೆಸರಿನ್ಯಾಗ ಡೇಟಾಬೇಸಿಗೆ ಹಾಕಿಟ್ರ, ಮತ್ತ ಪಾಸ್‌ವರ್ಡ್ ಕೊಟ್ಟು ನಿಂತಲ್ಲಿಂದ ಮುಂದ ಹೋಗಬಹುದು. ಇದೇನು ದೊಡ್ಡ ವಿದ್ಯೆ ಅಲ್ಲ. ಡಬ್ಲ್ಯೂ3ಸಿ ಅನ್ನೋ ಸಂಸ್ಥಾ 2008ರಾಗೇ ನಿಯಮ ಬರದಿಟ್ಟದ: ಟೈಮ್ ಮುಗಿಯೋ ಮೊದಲು ಎಚ್ಚರ ಕೊಡ್ರಿ, ಒಂದು ಗುಂಡಿ ಒತ್ತಿ ಟೈಮ್ ಬೆಳಸಿಕೊಳ್ಳಲಿಕ್ಕೆ ಕನಿಷ್ಠ 20 ಸೆಕೆಂಡ್ ಕೊಡ್ರಿ ಅಂತ. ಬರದು ಇಷ್ಟು ವರ್ಷಾದ್ರೂ ನಮ್ಮ ಅರ್ಜಿಗಳು ಸದ್ದಿಲ್ಲದೇ ಅಳಸಿ ಹೋಗ್ತಾವ, ಇದು ತಪ್ಪು ಕಾಕಾ.

ನಮ್ಮ ಭಾಗದ ಹುಡುಗರು ಬೆಂಗಳೂರು, ಹೈದರಾಬಾದಿನ್ಯಾಗ ಇಂಥಾ ಕೋಡೇ ಬರೀಲಿಕ್ಕತ್ಯಾರ. ಅವರಿಗೆ ನನ್ನ ಮಾತು ಮುಟ್ಟಸ್ರಿ: ತಮ್ಮಾ, ಸೆಷನ್ನಿಗೆ ಟೈಮ್ ಇಡೂ ಮೊದಲು ಊರಿಗೆ ಬಾ, ಕಂಪ್ಯೂಟರ್ ಸೆಂಟರಿನ್ಯಾಗ ಒಂದು ಅರ್ಜಿ ತುಂಬಿ ನೋಡು, ಆಮ್ಯಾಲ ಅಂಕಿ ಹಾಕು.